ಗರ್ಭಾಶಯವೋ, ಅಂಡಾಶಯವೋ? ಸಹಿ ಹಾಕುವ ಮೊದಲು ತಿಳಿದಿರಲಿ

"ನನಗೆ ಆಪರೇಷನ್ ಆಗಿದೆ." ನಲುವತ್ತು ದಾಟಿದ ಮಹಿಳೆಯರ ಬಾಯಲ್ಲಿ ಈ ಮಾತನ್ನು ನೀವು ಎಷ್ಟೋ ಸಲ ಕೇಳಿರಬಹುದು. ಯಾವ ಆಪರೇಷನ್ ಎಂದು ವಿಚಾರಿಸಿದರೆ "ಗರ್ಭಕೋಶದ್ದು" ಎನ್ನುತ್ತಾರೆ. ಗರ್ಭಕೋಶವನ್ನು ಮಾತ್ರ ತೆಗೆದರೇ, ಅಂಡಾಶಯವನ್ನೂ ತೆಗೆದರೇ ಎಂದು ಮುಂದುವರಿದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. "ಅದೆಲ್ಲ ಡಾಕ್ಟರಿಗೆ ಗೊತ್ತು" ಎನ್ನುವವರಿದ್ದಾರೆ. "ಎರಡೂ ಒಂದೇ ಅಲ್ಲವೇ?" ಎಂದು ನಮ್ಮನ್ನೇ ಕೇಳುವವರೂ ಇದ್ದಾರೆ.

ಎರಡೂ ಒಂದೇ ಅಲ್ಲ. ಗರ್ಭಾಶಯ, ಅಂಡಾಶಯ ಎಂಬ ಪದಗಳು ಕಿವಿಗೆ ಅಕ್ಕತಂಗಿಯರಂತೆ ಕೇಳಿಸಿದರೂ ದೇಹದಲ್ಲಿ ಅವುಗಳ ಕೆಲಸ ಬೇರೆ. ಒಂದನ್ನು ತೆಗೆದರೆ ಆಗುವ ಪರಿಣಾಮವೂ ಇನ್ನೊಂದನ್ನು ತೆಗೆದರೆ ಆಗುವ ಪರಿಣಾಮವೂ ಬೇರೆ. ಈ ವ್ಯತ್ಯಾಸ ತಿಳಿಯದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮಹಿಳೆಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಸಂಕೋಚದಿಂದ ಕೇಳದೆ ಉಳಿದ ಒಂದು ಪ್ರಶ್ನೆಯ ಬೆಲೆಯನ್ನು ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಆರೋಗ್ಯದಲ್ಲಿ ತೆರಬೇಕಾಗಬಹುದು.

ಎರಡು ಅಂಗಗಳು, ಎರಡು ಕೆಲಸ

ಗರ್ಭಾಶಯವನ್ನೇ ನಾವು ಗರ್ಭಕೋಶ, ಗರ್ಭಚೀಲ ಎಂದೂ ಕರೆಯುತ್ತೇವೆ. ಅದು ತಲೆಕೆಳಗಾದ ಪೇರಳೆ ಹಣ್ಣಿನ ಆಕಾರದ, ದಪ್ಪ ಸ್ನಾಯುಗಳ ಒಂದು ಚೀಲ. ಗರ್ಭಿಣಿಯಲ್ಲದಾಗ ಅದರ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್. ಮಗುವನ್ನು ಹೊತ್ತು ಬೆಳೆಸುವುದು ಅದರ ಕೆಲಸ. ಪ್ರತಿ ತಿಂಗಳು ಅದರ ಒಳಪದರ ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ಹೊರಬರುತ್ತದೆ. ಇದೇ ಮುಟ್ಟು. ಗರ್ಭಾಶಯದ ಕೆಳತುದಿಯನ್ನು ಗರ್ಭಕಂಠ ಎನ್ನುತ್ತೇವೆ.

ಅಂಡಾಶಯಗಳು ಎರಡು. ಗರ್ಭಾಶಯದ ಎಡಬಲಗಳಲ್ಲಿ, ಬಾದಾಮಿಯಷ್ಟು ಚಿಕ್ಕದಾಗಿ, ಸುಮಾರು ಮೂರು ಸೆಂಟಿಮೀಟರ್ ಉದ್ದ ಇರುತ್ತವೆ. ಹೆಣ್ಣುಮಗು ಹುಟ್ಟುವಾಗಲೇ ಅವುಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಗಳ ಬೀಜರೂಪ ಇರುತ್ತದೆ. ಜೀವಮಾನದಲ್ಲಿ ಅವುಗಳಲ್ಲಿ ಸುಮಾರು ನಾನೂರು ಮಾತ್ರ ಬಲಿತು ಹೊರಬರುತ್ತವೆ. ಆದರೆ ಅಂಡ ಬಿಡುಗಡೆ ಮಾಡುವುದು ಅಂಡಾಶಯದ ಅರ್ಧ ಕೆಲಸ ಮಾತ್ರ. ಈಸ್ಟ್ರೊಜೆನ್, ಪ್ರೊಜೆಸ್ಟರೋನ್ ಮುಂತಾದ ಹಾರ್ಮೋನುಗಳನ್ನು ತಯಾರಿಸುವುದು ಉಳಿದ ಅರ್ಧ. ಎಲುಬು, ಹೃದಯ, ರಕ್ತನಾಳ, ಚರ್ಮ, ನಿದ್ದೆ, ಮನಸ್ಸಿನ ಸ್ಥಿತಿ ಎಲ್ಲದರ ಮೇಲೂ ಈ ಹಾರ್ಮೋನುಗಳ ಪ್ರಭಾವವಿದೆ.

ಗರ್ಭಾಶಯವನ್ನು ಮನೆಯ ಒಂದು ಕೋಣೆ ಎಂದುಕೊಳ್ಳಿ. ಅಂಡಾಶಯ ಇಡೀ ಮನೆಗೆ ವಿದ್ಯುತ್ ಕೊಡುವ ಮೀಟರ್ ಬೋರ್ಡಿನಂತೆ. ಕೋಣೆಗೆ ಬೀಗ ಹಾಕಿದರೆ ಆ ಕೋಣೆಯ ಬಳಕೆ ಮಾತ್ರ ನಿಲ್ಲುತ್ತದೆ. ಮೀಟರ್ ಬೋರ್ಡು ಕಿತ್ತರೆ ಮನೆಯೆಲ್ಲ ಕತ್ತಲೆ.

ಹೆಸರಿನಲ್ಲಿರುವ ಗುಟ್ಟು

ಶಸ್ತ್ರಚಿಕಿತ್ಸೆಗಳ ಹೆಸರುಗಳು ಹೆಚ್ಚಾಗಿ ಗ್ರೀಕ್ ಭಾಷೆಯಿಂದ ಬಂದಿವೆ. ಕೇಳಲು ಕಠಿಣವೆನಿಸಿದರೂ ಅವುಗಳ ಬಾಲವನ್ನು ಗುರುತಿಸಲು ಕಲಿತರೆ ಸಾಕು. ಹೆಸರಿನ ಕೊನೆಯಲ್ಲಿ 'ಒಟಮಿ' ಇದ್ದರೆ ಕೊಯ್ದು ತೆರೆಯುವುದು ಎಂದರ್ಥ. 'ಎಕ್ಟಮಿ' ಇದ್ದರೆ ಕತ್ತರಿಸಿ ಹೊರತೆಗೆಯುವುದು ಎಂದರ್ಥ. ಒಂದೇ ಅಕ್ಷರದಷ್ಟು ವ್ಯತ್ಯಾಸ, ಆದರೆ ಒಂದರಲ್ಲಿ ಅಂಗ ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ.

ಹಿಸ್ಟರೊಟಮಿ: ಗರ್ಭಾಶಯವನ್ನು ಕೊಯ್ದು ತೆರೆಯುವುದು. ಸಿಸೇರಿಯನ್ ಹೆರಿಗೆಯಲ್ಲಿ ಮಾಡುವುದು ಇದನ್ನೇ. ಮಗುವನ್ನು ಹೊರತೆಗೆದು ಮತ್ತೆ ಹೊಲಿಯುತ್ತಾರೆ, ಗರ್ಭಾಶಯ ಉಳಿಯುತ್ತದೆ.

ಹಿಸ್ಟರೆಕ್ಟಮಿ: ಗರ್ಭಾಶಯವನ್ನೇ ತೆಗೆಯುವುದು.

ಹಿಸ್ಟರೊಸ್ಕೊಪಿ: ಸಣ್ಣ ಕೊಳವೆಯಂತಹ ಉಪಕರಣದಿಂದ ಗರ್ಭಾಶಯದ ಒಳಗನ್ನು ನೋಡುವುದು.

ಮಯೊಮೆಕ್ಟಮಿ: ಫೈಬ್ರಾಯ್ಡ್ ಗಡ್ಡೆಯನ್ನು ಮಾತ್ರ ತೆಗೆದು ಗರ್ಭಾಶಯವನ್ನು ಉಳಿಸುವುದು.

ಊಫೊರೆಕ್ಟಮಿ: ಅಂಡಾಶಯವನ್ನು ತೆಗೆಯುವುದು. ಒಂದು ಕಡೆಯದನ್ನು ಮಾತ್ರ ತೆಗೆಯಬಹುದು, ಎರಡನ್ನೂ ತೆಗೆಯಬಹುದು.

ಟ್ಯೂಬೆಕ್ಟಮಿ: ಅಂಡನಾಳಗಳನ್ನು ಕಟ್ಟುವ ಅಥವಾ ತುಂಡರಿಸುವ ಸಂತಾನ ನಿಯಂತ್ರಣದ ಶಸ್ತ್ರಕ್ರಿಯೆ. ಇದರಲ್ಲಿ ಗರ್ಭಾಶಯವೂ ಉಳಿಯುತ್ತದೆ, ಅಂಡಾಶಯವೂ ಉಳಿಯುತ್ತದೆ. ಮುಟ್ಟು ಎಂದಿನಂತೆ ಮುಂದುವರಿಯುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಪದವಿದೆ. ಅದು 'ಟೋಟಲ್ ಹಿಸ್ಟರೆಕ್ಟಮಿ'. ಟೋಟಲ್ ಎಂದರೆ ಎಲ್ಲವೂ, ಅಂಡಾಶಯವೂ ಸೇರಿ ಹೋಯಿತು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಗರ್ಭಾಶಯವನ್ನು ಗರ್ಭಕಂಠ ಸಮೇತ ತೆಗೆದರೆ ಅದು ಟೋಟಲ್. ಗರ್ಭಕಂಠವನ್ನು ಉಳಿಸಿ ಮೇಲಿನ ಭಾಗವನ್ನು ಮಾತ್ರ ತೆಗೆದರೆ ಸಬ್‌ಟೋಟಲ್. ಎರಡರಲ್ಲೂ ಅಂಡಾಶಯದ ಮಾತೇ ಇಲ್ಲ. ಅಂಡಾಶಯ ಮತ್ತು ಅಂಡನಾಳಗಳನ್ನು ಎರಡೂ ಕಡೆ ತೆಗೆದಿದ್ದರೆ ಆಸ್ಪತ್ರೆಯ ಚೀಟಿಯಲ್ಲಿ 'ಬಿಎಸ್‌ಒ' ಎಂದು ಸೇರಿಸಿ ಬರೆಯುತ್ತಾರೆ. ಹೊಟ್ಟೆ ಕೊಯ್ದು ಗರ್ಭಾಶಯ ತೆಗೆದುದಕ್ಕೆ 'ಟಿಎಎಚ್' ಎಂದು ಬರೆಯುವುದುಂಟು. ನಿಮ್ಮ ಅಥವಾ ನಿಮ್ಮ ತಾಯಿಯ ಹಳೆಯ ಡಿಸ್ಚಾರ್ಜ್ ಚೀಟಿ ಮನೆಯಲ್ಲಿದ್ದರೆ ಇಂದೇ ತೆಗೆದು ನೋಡಿ, ಈ ಅಕ್ಷರಗಳು ಅಲ್ಲಿರಬಹುದು.

ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿದ ಎರಡು ಪದಗಳು

ಪದಗಳ ವ್ಯತ್ಯಾಸ ವೈದ್ಯರ ಪುಸ್ತಕಕ್ಕೆ ಮಾತ್ರ ಸೇರಿದ್ದಲ್ಲ. 1995ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದೀರ್ಘ ಮುಟ್ಟಿನ ರಕ್ತಸ್ರಾವಕ್ಕಾಗಿ ವೈದ್ಯರ ಬಳಿ ಹೋದರು. ಲ್ಯಾಪರೊಸ್ಕೊಪಿ, ಅಂದರೆ ಹೊಟ್ಟೆಯೊಳಗೆ ಉಪಕರಣ ಇಳಿಸಿ ನೋಡುವ ಪರೀಕ್ಷೆಗಾಗಿ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಲ್ಯಾಪರೊಟಮಿ ಬೇಕಾಗಬಹುದು ಎಂದೂ ಅದರಲ್ಲಿತ್ತು. ಲ್ಯಾಪರೊಟಮಿ ಎಂದರೆ ಹೊಟ್ಟೆಯನ್ನು ಕೊಯ್ದು ತೆರೆಯುವುದು. ಆದರೆ ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಕೇಳಿ ಗರ್ಭಾಶಯವನ್ನೂ, ಎರಡೂ ಅಂಡಾಶಯಗಳನ್ನೂ, ಅಂಡನಾಳಗಳನ್ನೂ ತೆಗೆಯಲಾಯಿತು. ಎಚ್ಚರವಾದಾಗ ಮಗುವನ್ನು ಹೆರುವ ಬಾಗಿಲು ಶಾಶ್ವತವಾಗಿ ಮುಚ್ಚಿತ್ತು.

ಆ ಮಹಿಳೆ ಸುಮ್ಮನಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಸೋತರೂ ಸುಪ್ರೀಂ ಕೋರ್ಟಿನವರೆಗೆ ಹೋದರು. 2008ರ ಜನವರಿ 16ರಂದು ತೀರ್ಪು ಬಂತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ, ಹೊಟ್ಟೆ ತೆರೆಯಲು ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಪ್ರಾಣಾಪಾಯದ ತುರ್ತು ಇಲ್ಲದಿದ್ದಾಗ, ರೋಗಿ ಕೆಲವು ಗಂಟೆ ಅರಿವಳಿಕೆಯಲ್ಲಿ ಮಾತ್ರ ಇರುವಾಗ, ವಯಸ್ಕ ಮಹಿಳೆಯ ಪರವಾಗಿ ತಾಯಿ ಕೂಡ ಒಪ್ಪಿಗೆ ಕೊಡುವಂತಿಲ್ಲ ಎಂದೂ ಹೇಳಿತು. ದೊರೆತ ಪರಿಹಾರ 25 ಸಾವಿರ ರೂಪಾಯಿ ಮಾತ್ರ. ಆದರೆ ವೈದ್ಯಕೀಯ ಒಪ್ಪಿಗೆಯ ವಿಷಯದಲ್ಲಿ ಈ ತೀರ್ಪು ನಮ್ಮ ದೇಶದಲ್ಲಿ ಇಂದಿಗೂ ದಾರಿದೀಪ.

ತಾಯಿಯ ಒಪ್ಪಿಗೆ ಸಾಲದಿದ್ದರೆ ಗಂಡನ, ಅತ್ತೆಯ, ಅಣ್ಣನ ಒಪ್ಪಿಗೆಯೂ ಸಾಲದು. ಮನೆಯವರೊಂದಿಗೆ ಸಮಾಲೋಚಿಸುವುದು ಒಳ್ಳೆಯದೇ. ಆದರೆ ಸಹಿ ನಿಮ್ಮದು, ದೇಹ ಅಲ್ಲಾಹನು ನಿಮ್ಮ ವಶಕ್ಕೆ ಕೊಟ್ಟ ಅಮಾನತು.

ಅಂಡಾಶಯ ಹೋದರೆ ಏನಾಗುತ್ತದೆ?

ಗರ್ಭಾಶಯ ಮಾತ್ರ ಹೋದರೆ ಮುಟ್ಟು ನಿಲ್ಲುತ್ತದೆ, ಗರ್ಭ ಧರಿಸುವ ಸಾಧ್ಯತೆ ಇಲ್ಲವಾಗುತ್ತದೆ. ಅಂಡಾಶಯ ತನ್ನ ಕೆಲಸ ಮುಂದುವರಿಸುತ್ತದೆ, ಹಾರ್ಮೋನು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಬಿಡುಗಡೆಯಾದ ಅಂಡ ದೇಹದೊಳಗೇ ಕರಗಿ ಹೋಗುತ್ತದೆ. ಹೆಣ್ತನ ಹೋಯಿತು, ದಾಂಪತ್ಯ ಮುಗಿಯಿತು ಎಂಬ ಭಯಕ್ಕೆ ಆಧಾರವಿಲ್ಲ. ಗಾಯ ಮಾಗಿದ ಬಳಿಕ, ವೈದ್ಯರು ಹೇಳಿದ ವಾರಗಳು ಕಳೆದ ಮೇಲೆ, ದಾಂಪತ್ಯ ಜೀವನ ಮೊದಲಿನಂತೆ ಸಾಗಬಹುದು. ರಕ್ತನಾಳಗಳ ಸಂಪರ್ಕ ಸ್ವಲ್ಪ ಬದಲಾಗುವುದರಿಂದ ಕೆಲವರಲ್ಲಿ ಅಂಡಾಶಯ ಸ್ವಲ್ಪ ಬೇಗ ದಣಿಯಬಹುದು, ಅಷ್ಟೆ.

ಎರಡೂ ಅಂಡಾಶಯಗಳು ಹೋದರೆ ಕಥೆ ಬೇರೆ. ಭಾರತದ ಮಹಿಳೆಯರಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಆಗ ಹಾರ್ಮೋನು ಕೆಲವು ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಾದರೋ ಅದು ಒಂದೇ ದಿನದಲ್ಲಿ ಕುಸಿಯುತ್ತದೆ. ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು, ಯೋನಿಯಲ್ಲಿ ಒಣಗುವಿಕೆ, ಇವೆಲ್ಲ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಆರಂಭವಾಗಬಹುದು. ಹೊರಗೆ ಕಾಣದ ನಷ್ಟವೂ ಇದೆ. ಎಲುಬು ಬೇಗ ಸವೆಯುತ್ತದೆ, ಹೃದಯಕ್ಕಿದ್ದ ರಕ್ಷಣೆ ಕಡಿಮೆಯಾಗುತ್ತದೆ.

ಅಮೆರಿಕದ ದಾದಿಯರ ದೀರ್ಘಕಾಲದ ಅಧ್ಯಯನದಿಂದ 2009ರಲ್ಲಿ ಒಂದು ಮಹತ್ವದ ವರದಿ ಬಂತು. ಗರ್ಭಾಶಯ ತೆಗೆಸಿಕೊಂಡ 29 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು 24 ವರ್ಷಗಳ ಕಾಲ ಗಮನಿಸಲಾಗಿತ್ತು. ಅಂಡಾಶಯವನ್ನೂ ತೆಗೆಸಿಕೊಂಡವರಲ್ಲಿ ಅಂಡಾಶಯ ಮತ್ತು ಸ್ತನದ ಕ್ಯಾನ್ಸರ್ ಕಡಿಮೆ ಇತ್ತು. ಆದರೆ ಹೃದ್ರೋಗ ಹೆಚ್ಚಿತ್ತು, ಒಟ್ಟು ಸಾವುಗಳೂ ಹೆಚ್ಚಿದ್ದವು. "ಹೇಗೂ ಹೊಟ್ಟೆ ತೆರೆದಿದ್ದೇವೆ, ಮುಂದೆ ಕ್ಯಾನ್ಸರ್ ಬಾರದಿರಲಿ, ಅದನ್ನೂ ತೆಗೆದುಬಿಡೋಣ" ಎಂಬ ಮಾತು ಎಲ್ಲರಿಗೂ ಒಪ್ಪುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಾಗೆಂದು ಅಂಡಾಶಯವನ್ನು ತೆಗೆಯಲೇಬಾರದು ಎಂದಲ್ಲ. ಅಂಡಾಶಯದಲ್ಲೇ ಕ್ಯಾನ್ಸರ್ ಅಥವಾ ಅದರ ಬಲವಾದ ಸಂಶಯ ಇದ್ದರೆ, ತಾಯಿ ಅಕ್ಕತಂಗಿಯರಲ್ಲಿ ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಬಂದು ಪರೀಕ್ಷೆಯಲ್ಲಿ ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಕಂಡಿದ್ದರೆ, ತೆಗೆಸುವುದೇ ಜೀವ ಉಳಿಸಬಹುದು. ಮುಟ್ಟು ನಿಂತು ಬಹಳ ವರ್ಷವಾದವರ ಲೆಕ್ಕಾಚಾರವೂ ಬೇರೆ. ಅಂಡಾಶಯದ ಕ್ಯಾನ್ಸರುಗಳಲ್ಲಿ ಹಲವು ಅಂಡನಾಳದಲ್ಲಿ ಆರಂಭವಾಗುತ್ತವೆ ಎಂದು ಈಗ ತಿಳಿದಿರುವುದರಿಂದ, ನಾಳಗಳನ್ನು ಮಾತ್ರ ತೆಗೆದು ಅಂಡಾಶಯವನ್ನು ಉಳಿಸುವ ಮಧ್ಯಮ ಮಾರ್ಗವೂ ಬಳಕೆಗೆ ಬಂದಿದೆ. ಇದನ್ನು ನೀವು ಕೇಳಿದರೆ ವೈದ್ಯರು ವಿವರಿಸುತ್ತಾರೆ.

ಏನು ತೆಗೆದಿದ್ದಾರೆ ಎಂಬುದು ಮುಂದಿನ ಚಿಕಿತ್ಸೆಗೂ ಮುಖ್ಯ. ಚಿಕ್ಕ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಔಷಧಿ ಕೊಡುವುದುಂಟು. ಗರ್ಭಾಶಯ ಇಲ್ಲದವರಿಗೆ ಈಸ್ಟ್ರೊಜೆನ್ ಒಂದೇ ಸಾಮಾನ್ಯವಾಗಿ ಸಾಕು. ಗರ್ಭಾಶಯ ಇರುವವರಿಗೆ ಅದೊಂದನ್ನೇ ಕೊಟ್ಟರೆ ಒಳಪದರದ ಕ್ಯಾನ್ಸರಿನ ಅಪಾಯವಿರುವುದರಿಂದ ಪ್ರೊಜೆಸ್ಟರೋನ್ ಜಾತಿಯ ಔಷಧಿಯನ್ನೂ ಸೇರಿಸಬೇಕು. ಗರ್ಭಕಂಠ ಉಳಿದಿದ್ದರೆ ಕ್ಯಾನ್ಸರ್ ತಪಾಸಣೆಯ ಪ್ಯಾಪ್ ಸ್ಮಿಯರ್ ಪರೀಕ್ಷೆ ಮುಂದುವರಿಸಬೇಕು. "ಗರ್ಭಕೋಶದ ಆಪರೇಷನ್ ಆಗಿದೆ" ಎಂಬ ಒಂದೇ ವಾಕ್ಯದಿಂದ ವೈದ್ಯರಿಗೆ ಇದು ಯಾವುದೂ ತಿಳಿಯುವುದಿಲ್ಲ.

ಇತಿಹಾಸದಿಂದ ಒಂದೆರಡು ಪುಟ

ಕ್ರಿ.ಶ. 936ರಿಂದ 1013ರವರೆಗೆ ಬದುಕಿದ್ದ ಕೊರ್ಡೋವಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲಿ ಒಬ್ಬರು. 'ಅತ್ತಸ್ರೀಫ್' ಎಂಬ ಅವರ 30 ಸಂಪುಟಗಳ ಗ್ರಂಥದ ಕೊನೆಯ ಸಂಪುಟ ಶಸ್ತ್ರಚಿಕಿತ್ಸೆಗೇ ಮೀಸಲು. ಹೆರಿಗೆಯ ಉಪಕರಣಗಳೂ ಸೇರಿ ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಅಂಗರಚನೆ ತಿಳಿಯದವನು ಶಸ್ತ್ರ ಹಿಡಿದರೆ ರೋಗಿಯನ್ನು ಕೊಲ್ಲುತ್ತಾನೆ ಎಂಬುದು ಅವರು ಕೊಟ್ಟ ಎಚ್ಚರಿಕೆಯ ಸಾರ.

1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಒಬ್ಬ ಮಹಿಳೆಯ ಅಂಡಾಶಯದಿಂದ ಸುಮಾರು ಹತ್ತು ಕಿಲೋ ತೂಕದ ಗಡ್ಡೆಯನ್ನು ತೆಗೆದರು. ಆಗ ಅರಿವಳಿಕೆ ಇರಲಿಲ್ಲ. ಕುದುರೆಯ ಮೇಲೆ 60 ಮೈಲಿ ಸವಾರಿ ಮಾಡಿ ಬಂದ ಆಕೆ ಬದುಕುಳಿದು ಮತ್ತೆ 30ಕ್ಕೂ ಹೆಚ್ಚು ವರ್ಷ ಬಾಳಿದರು. ಅದು ಬೇಕಾಗಿದ್ದ ಶಸ್ತ್ರಚಿಕಿತ್ಸೆ. ಆದರೆ 1872ರಲ್ಲಿ ಅದೇ ದೇಶದ ರಾಬರ್ಟ್ ಬ್ಯಾಟಿ ಎಂಬ ವೈದ್ಯ ರೋಗವಿಲ್ಲದ ಅಂಡಾಶಯಗಳನ್ನು ತೆಗೆಯುವ ಪದ್ಧತಿ ಆರಂಭಿಸಿದರು. ಮುಟ್ಟಿನ ತೊಂದರೆ, ನರದೌರ್ಬಲ್ಯ, ಹಿಸ್ಟೀರಿಯಾ ಎಲ್ಲಕ್ಕೂ ಅಂಡಾಶಯವೇ ಕಾರಣವೆಂಬ ನಂಬಿಕೆ ಅದರ ಹಿಂದಿತ್ತು. 'ಹಿಸ್ಟೀರಿಯಾ' ಎಂಬ ಹೆಸರೇ ಗರ್ಭಾಶಯ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಈಸ್ಟ್ರೊಜೆನ್ ಪತ್ತೆಯಾದದ್ದು 1920ರ ದಶಕದಲ್ಲಿ. ಅಷ್ಟರೊಳಗೆ ಎಷ್ಟೋ ಮಹಿಳೆಯರು ಆರೋಗ್ಯವಂತ ಅಂಗವನ್ನು ಕಳೆದುಕೊಂಡಿದ್ದರು.

ನಮ್ಮ ಮನೆಬಾಗಿಲಲ್ಲೂ

ಇದು ಹಳೆಯ ಕಥೆಯೆಂದು ನೆಮ್ಮದಿಪಡುವಂತಿಲ್ಲ. 2015ರಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕುಟುಂಬಗಳ ಬಡ ಮಹಿಳೆಯರ ಗರ್ಭಾಶಯವನ್ನು ದೊಡ್ಡ ಸಂಖ್ಯೆಯಲ್ಲಿ ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ಎದ್ದು ಸರಕಾರ ತನಿಖೆ ನಡೆಸಬೇಕಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82 ಸಾವಿರ ಮಹಿಳೆಯರನ್ನು ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಾಶಯ ಇರಲಿಲ್ಲ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂತಹ ಪ್ರಕರಣಗಳ ಬಗ್ಗೆ ಸಲ್ಲಿಕೆಯಾದ ಅರ್ಜಿಯನ್ನು ಇತ್ಯರ್ಥಪಡಿಸಿದ ಸುಪ್ರೀಂ ಕೋರ್ಟ್, ಅನಗತ್ಯ ಹಿಸ್ಟರೆಕ್ಟಮಿ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಇಂತಹ ಕಡೆಗಳಲ್ಲೆಲ್ಲ ಮಹಿಳೆಯರನ್ನು ಒಪ್ಪಿಸಿದ್ದು ಒಂದೇ ಭಯ: "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ." ಬಿಳಿ ಸೆರಗು, ಸೊಂಟನೋವು ಇದ್ದ ಮಾತ್ರಕ್ಕೆ ಗರ್ಭಾಶಯ ತೆಗೆಯಬೇಕಾಗಿಲ್ಲ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳಲು ಪರೀಕ್ಷೆಗಳಿವೆ. ಅತಿ ರಕ್ತಸ್ರಾವಕ್ಕೆ ಮಾತ್ರೆಗಳಿವೆ, ಹಾರ್ಮೋನುಯುಕ್ತ ಕಾಪರ್-ಟಿಯಂತಹ ಸಾಧನವಿದೆ, ಒಳಪದರವನ್ನು ಮಾತ್ರ ಸುಡುವ ವಿಧಾನವಿದೆ. ಫೈಬ್ರಾಯ್ಡ್ ಗಡ್ಡೆಗಳು ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಇವು ಯಾವುವೂ ಫಲಿಸದಾಗ, ಕ್ಯಾನ್ಸರ್ ಖಚಿತವಾದಾಗ, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದಾಗ ಹಿಸ್ಟರೆಕ್ಟಮಿ ಮಾಡಲೇಬೇಕಾಗುತ್ತದೆ. ಆಗ ಹಿಂಜರಿಯುವುದೂ ತಪ್ಪು.

ನಮಾಝ್, ಉಪವಾಸ, ಇದ್ದತ್

ಚಿಕಿತ್ಸೆ ಪಡೆಯುವುದನ್ನು ಪ್ರವಾದಿ(ಸ)ರು ಪ್ರೋತ್ಸಾಹಿಸಿದ್ದಾರೆ. ವೈದ್ಯಕೀಯ ಅನಿವಾರ್ಯವಿದ್ದಾಗ ಗರ್ಭಾಶಯ ತೆಗೆಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮಕ್ಕಳು ಬೇಡ ಎಂದೋ, ಮುಟ್ಟಿನ ರಗಳೆ ತಪ್ಪಲಿ ಎಂದೋ ಆರೋಗ್ಯವಂತ ಅಂಗವನ್ನು ಕಳೆದುಕೊಳ್ಳುವುದನ್ನು ವಿದ್ವಾಂಸರು ಒಪ್ಪುವುದಿಲ್ಲ.

ಗರ್ಭಾಶಯ ಹೋದ ಮೇಲೆ ಮುಟ್ಟಿಲ್ಲ, ಆದ್ದರಿಂದ ನಮಾಝ್ ಮತ್ತು ಉಪವಾಸಗಳಿಗೆ ಮುಟ್ಟಿನ ರಿಯಾಯಿತಿಯೂ ಇಲ್ಲ. ಶಸ್ತ್ರಚಿಕಿತ್ಸೆಯ ಗಾಯದಿಂದ ಒಸರುವ ರಕ್ತ ಮುಟ್ಟಿನ ರಕ್ತವಲ್ಲ. ಎದ್ದು ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡುವ ಸೌಲಭ್ಯವಿದೆ.

"ಗರ್ಭಕೋಶವೇ ಇಲ್ಲದವಳಿಗೆ ಇದ್ದತ್ ಯಾಕೆ?" ಎಂದು ಕೇಳುವವರಿದ್ದಾರೆ. ಮುಟ್ಟು ನಿಂತ ಮಹಿಳೆಗೆ ತಲಾಕ್ ಆದರೆ ಇದ್ದತ್ ಮೂರು ತಿಂಗಳು ಎಂದು ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯದ 4ನೇ ಸೂಕ್ತ ತಿಳಿಸುತ್ತದೆ. ಗರ್ಭಾಶಯ ತೆಗೆಸಿಕೊಂಡವಳಿಗೂ ವಿದ್ವಾಂಸರು ಇದನ್ನೇ ಅನ್ವಯಿಸುತ್ತಾರೆ. ಪತಿ ತೀರಿಹೋದರೆ ಅವಳಿಗೂ ನಾಲ್ಕು ತಿಂಗಳು ಹತ್ತು ದಿನ. ನಿಮ್ಮ ಸ್ಥಿತಿಯಲ್ಲಿ ಏನಾದರೂ ಸಂಶಯವಿದ್ದರೆ ಬಲ್ಲ ಆಲಿಮರಲ್ಲಿ ಕೇಳಿ. ಅವರಿಗೂ ಮೊದಲು ಹೇಳಬೇಕಾದುದು ಏನು ತೆಗೆದಿದ್ದಾರೆ ಎಂಬುದನ್ನೇ.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

1. ನನ್ನ ಕಾಯಿಲೆಯ ಹೆಸರೇನು? ಅದು ಯಾವ ಪರೀಕ್ಷೆಯಿಂದ ಖಚಿತವಾಗಿದೆ?

2. ಔಷಧಿಯಿಂದ ಅಥವಾ ಗಡ್ಡೆ ಮಾತ್ರ ತೆಗೆಯುವುದರಿಂದ ಗುಣವಾಗದೇ? ಸ್ವಲ್ಪ ಕಾಲ ಕಾದರೆ ಅಪಾಯವೇ?

3. ಗರ್ಭಾಶಯ ಮಾತ್ರವೋ, ಗರ್ಭಕಂಠವೂ ಹೋಗುತ್ತದೋ?

4. ಅಂಡಾಶಯ ತೆಗೆಯುತ್ತೀರಾ? ಒಂದೋ, ಎರಡೋ? ಯಾಕೆ?

5. ಹೊಟ್ಟೆ ತೆರೆದ ಮೇಲೆ ಬೇರೇನಾದರೂ ಕಂಡರೆ ಏನು ಮಾಡುತ್ತೀರಿ? ನಾನು ಯಾವುದಕ್ಕೆ ಒಪ್ಪಿದ್ದೇನೆ, ಯಾವುದಕ್ಕೆ ಇಲ್ಲ ಎಂಬುದನ್ನು ಪತ್ರದಲ್ಲಿ ಬರೆಯುತ್ತೀರಾ?

6. ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳಿಸಿದ ಬಯಾಪ್ಸಿ ವರದಿ ಯಾವಾಗ ಸಿಗುತ್ತದೆ?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಪುರುಷ ವೈದ್ಯರೊಂದಿಗೆ ಮಾತಾಡಲು ನಾಚಿಕೆಯಾದರೆ ಮಹಿಳಾ ವೈದ್ಯರನ್ನು ಕೇಳಿ, ಜೊತೆಗೆ ಓದು ಬಲ್ಲ ಮಗಳನ್ನೋ ತಂಗಿಯನ್ನೋ ಕರೆದೊಯ್ಯಿರಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೋ ಮನೆಮಾತಿನಲ್ಲೋ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ.

ಈಗಾಗಲೇ ಶಸ್ತ್ರಚಿಕಿತ್ಸೆ ಆಗಿರುವ ಸಹೋದರಿಯರು ಹೆದರಬೇಕಾಗಿಲ್ಲ. ಡಿಸ್ಚಾರ್ಜ್ ಚೀಟಿ ಮತ್ತು ಬಯಾಪ್ಸಿ ವರದಿಯನ್ನು ಹುಡುಕಿ ತೆಗೆಯಿರಿ. ಕಳೆದಿದ್ದರೆ ಆಸ್ಪತ್ರೆಯಲ್ಲಿ ಪ್ರತಿ ಕೇಳಿ. ಎರಡೂ ಅಂಡಾಶಯ ಹೋಗಿವೆ ಎಂದು ತಿಳಿದರೆ ವೈದ್ಯರಲ್ಲಿ ಎಲುಬಿನ ಮತ್ತು ಹೃದಯದ ತಪಾಸಣೆಯ ಬಗ್ಗೆ ಮಾತಾಡಿ. ಹಾಲು, ಮೊಸರು, ರಾಗಿ, ಸೊಪ್ಪು, ಸಣ್ಣ ಮೀನು ಊಟದಲ್ಲಿರಲಿ. ದಿನಾ ನಡೆಯಿರಿ, ಹಿತ್ತಿಲಲ್ಲೋ ತಾರಸಿಯಲ್ಲೋ ಸ್ವಲ್ಪ ಬಿಸಿಲಿಗೆ ಮೈಯೊಡ್ಡಿ.

ಮದುವೆಯ ಸೀರೆಯ ಅಂಚಿನ ಬಣ್ಣವನ್ನು ನಾಲ್ಕು ಅಂಗಡಿ ಸುತ್ತಿ ಆರಿಸುವ ನಾವು, ದೇಹದ ಒಂದು ಅಂಗವನ್ನು ಕಳೆದುಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಲು ಹಿಂಜರಿಯುವುದೇಕೆ? ಕೇಳಿ, ತಿಳಿದು, ಅಲ್ಲಾಹನ ಮೇಲೆ ಭರವಸೆಯಿಟ್ಟು ನಿರ್ಧರಿಸಿ. ನಿಮ್ಮ ಮಗಳಿಗೂ ಈ ಎರಡು ಪದಗಳ ವ್ಯತ್ಯಾಸವನ್ನು ಇಂದೇ ಹೇಳಿಕೊಡಿ.